ಮೂವತ್ತೊಂದನೆಯ ಸಾಲು

ಜುಲೈ 9, ಗುರುವಾರ, ಮಧ್ಯಾಹ್ನ 1.20

ಕೆಳಗಿನ ಹಲ್ಲುಸೆಟ್ಟು ಮೂರನೇ ಸಲ ವಾಪಸ್ಸು ಬಂತು. ಕ್ಲಿನಿಕ್ಕಿನ ಚೀಟಿಯಲ್ಲಿ ಒಂದೇ ಮಾತು — "ಎಡಗಡೆ ಒತ್ತುತ್ತೆ." ಒತ್ತದೆ ಇನ್ನೇನು? ಅಚ್ಚು ತೆಗೆಯುವಾಗ ಆ ಮುದುಕರು ಮಾತಾಡುತ್ತಲೇ ಇದ್ದರಂತೆ. ಬಾಯಿ ಸುಮ್ಮನಿಡದವರಿಗೆ ಹಲ್ಲು ಕೂರಿಸುವುದು ಯಾರಿಂದಲೂ ಆಗದ ಕೆಲಸ.

ಲ್ಯಾಬಿನ ಯಜಮಾನರು ತಿರುಗಿಸಿ ತಿರುಗಿಸಿ ನೋಡಿದರು. ಅವರ ಬಾಯಲ್ಲೇ ಹಲ್ಲಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಹಲ್ಲು ಮಾಡಿಕೊಟ್ಟವರಿಗೆ ತಮ್ಮದು ಮಾಡಿಕೊಳ್ಳಲು ಪುರುಸೊತ್ತಿಲ್ಲ. "ಉಜ್ಜಿ ಕಳ್ಸಮ್ಮ, ಸಾಕು" ಎಂದರು. 'ಉಜ್ಜಿ' ಬರೀ ಗಾಳಿಯಾಗಿ ಬಂತು. ನಗು ತಡೆದುಕೊಂಡೆ.

ಗುರುವಾರ. ಐದಕ್ಕೆ ಹೊರಡಬೇಕು. ಮಹಡಿ ಗುಡಿಸಬೇಕು, ಬತ್ತಿ ಕತ್ತರಿಸಬೇಕು, ಅಮ್ಮನನ್ನು ಐವತ್ತನಾಲ್ಕು ಮೆಟ್ಟಿಲು ಹತ್ತಿಸಬೇಕು. ಉಗುರಿನ ಸಂದಿಯ ಪ್ಲಾಸ್ಟರ್ ಹೋಗುವುದೇ ಇಲ್ಲ.

ಜುಲೈ 17, ಬೆಳಿಗ್ಗೆ 8.40, ಲ್ಯಾಬ್

ಯಜಮಾನರು ಇನ್ನೂ ಬಂದಿಲ್ಲ. ನಿನ್ನೆಯದನ್ನು ಬರೆಯುತ್ತೇನೆ. ಯಾರೂ ಓದುವುದಿಲ್ಲ. ಆದರೂ ನಾವು ಮಾಡುವುದನ್ನು ಒಮ್ಮೆ ಕಾಗದದ ಮೇಲೆ ಇಟ್ಟರೆ ಹೇಗೆ ಕಾಣುತ್ತದೋ ನೋಡಬೇಕು.

ಮಹಡಿ ಎಂದರೆ ಅಣ್ಣನ ಹಾಸಿಗೆ ಅಂಗಡಿಯ ಮೇಲಿನ ಮೂರನೇ ಅಂತಸ್ತು. ಹೊರಗಿನವರು ನಮ್ಮನ್ನು 'ಮಹಡಿಯವರು' ಎನ್ನುತ್ತಾರೆ. ನಮಗೆ ನಿಜವಾದ ಹೆಸರೊಂದಿದೆ, ಅದನ್ನು ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ನಾವೂ ಮಹಡಿ ಅಂತಲೇ ಅನ್ನುತ್ತೇವೆ. ಒಟ್ಟು ಅರವತ್ತು ಜನ. ಗುರುವಾರ ಸಂಜೆ ಲೈಟ್ ಆರಿಸಿ, ಒಂದೇ ದೀಪದ ಸುತ್ತ ಬಳೆಯಂತೆ ನಿಲ್ಲುತ್ತೇವೆ. ಬಲಗೈ ಮುಂದಿನವರ ಹೆಗಲ ಮೇಲೆ. ನನ್ನ ಕೈ ಅಮ್ಮನ ಹೆಗಲ ಮೇಲೆ, ಅಣ್ಣನ ಕೈ ನನ್ನ ಹೆಗಲ ಮೇಲೆ. ಅಮ್ಮ ನುಡಿಯ ಮೊದಲ ಏಳು ಸಾಲು ಹೇಳುತ್ತಾರೆ. ಸಾಲಿಗೊಮ್ಮೆ ಎಲ್ಲರೂ ಒಂದೇ ಉಸಿರಿಗೆ — "ಇದ್ದೇವೆ."

ವಾರಕ್ಕೆ ಏಳು ಸಾಲು. ವರ್ಷದ ನಾಲ್ಕು ಹಬ್ಬಗಳಿಗೆ ಪೂರ್ತಿ ನಲವತ್ತೊಂಬತ್ತು. ಬಹಳ ಹಳೆಯ ಮಾತು, ಅರ್ಧ ಯಾರಿಗೂ ಅರ್ಥವಾಗುವುದಿಲ್ಲ. ಬರೆಯುವಂತಿಲ್ಲ. ನುಡಿಯಮ್ಮನ ಹೊರತು ಯಾರೂ ದನಿ ತೆಗೆದು ಹೇಳುವಂತಿಲ್ಲ. ಈಗ ನುಡಿಯಮ್ಮ ಎಂದರೆ ನಮ್ಮಮ್ಮ. ಅದಕ್ಕೆ ಮೊದಲು ಅಜ್ಜಿ.

ನನಗೆ ಪೂರ್ತಿ ಬರುತ್ತದೆ. ಯಾರಿಗೂ ಹೇಳಿಲ್ಲ. ಚಿಕ್ಕವಳಿದ್ದಾಗ ಇಸ್ತ್ರಿ ಮೇಜಿನ ಕೆಳಗೆ ಆಡುತ್ತಿದ್ದೆ. ಅಮ್ಮ ಇಸ್ತ್ರಿ ಮಾಡುತ್ತ ಪಿಸುಪಿಸು ಅಭ್ಯಾಸ ಮಾಡುತ್ತಿದ್ದರು. ಬಟ್ಟೆಯ ಬಿಸಿ ವಾಸನೆಯ ಜೊತೆಗೇ ಒಳಗೆ ಇಳಿದುಬಿಟ್ಟಿದೆ.

ನಂಬಿಕೆ? ಇತ್ತು. ಯಾವಾಗ ಹೋಯಿತು ಎಂದು ಗೊತ್ತಿಲ್ಲ. ಕೊಡೆ ಕಳೆದುಕೊಂಡ ಹಾಗೆ — ಎಲ್ಲಿ ಬಿಟ್ಟೆನೋ.

ಜುಲೈ 28

ಲ್ಯಾಬಿನ ವಿಳಾಸಕ್ಕೆ ತಂಗಿಯ ಕಾಗದ. ಹನ್ನೊಂದು ವರ್ಷಕ್ಕೆ ಮೊದಲನೆಯದು.

ಪ್ಲಾಸ್ಟರ್ ರೂಮಿನ ಬಾಗಿಲು ಹಾಕಿಕೊಂಡು ಓದಿದೆ. ಅವಳೂ ಹಲ್ಲಿನ ಲ್ಯಾಬಿಗೇ ಸೇರಿದ್ದಾಳೆ. ರೈಲಿನಲ್ಲಿ ಒಂದು ಹಗಲಿನ ದಾರಿ. ಒಂದು ಜಾಗ ಖಾಲಿ ಇದೆಯಂತೆ. "ಅಕ್ಕಾ, ನಿನ್ನ ಕೈಕೆಲಸ ನಂಗೆ ಗೊತ್ತು. ನಾನು ಹೇಳಿಟ್ಟಿದೀನಿ. ಬಾ. ಎರಡು ರೂಮು ಇದೆ, ಒಂದಕ್ಕೆ ಬೆಳಗ್ಗೆ ಬಿಸಿಲು ಬರುತ್ತೆ, ಅದು ನಿಂಗೆ."

ಅವಳು ಮಹಡಿ ಬಿಟ್ಟ ದಿನ ನೆನಪಾಯಿತು. ಬಿಟ್ಟು ಹೋಗುವವರಿಗೆ ಬೆನ್ನು ತೋರಿಸುವುದು ನಮ್ಮ ಪದ್ಧತಿ. ಅವಳು ಮೆಟ್ಟಿಲಿಳಿಯುವಷ್ಟು ಹೊತ್ತು ಎಲ್ಲರೂ ಗೋಡೆ ಕಡೆ ತಿರುಗಿ ನಿಂತೆವು. ಅಮ್ಮ ಕೂಡ. ನಾನೂ. ಅವಳ ಚಪ್ಪಲಿ ಸದ್ದನ್ನು ಎಣಿಸಿದ್ದೆ. ಇಪ್ಪತ್ತಕ್ಕೆ ಒಮ್ಮೆ ನಿಂತಿತ್ತು. ಆಮೇಲೆ ಮುಂದಕ್ಕೆ ಹೋಯಿತು. ಅಂದಿನಿಂದ ಮನೆಯಲ್ಲಿ ಅವಳ ಹೆಸರಿಲ್ಲ.

ಕಾಗದವನ್ನು ಮೇಣದ ಡಬ್ಬದೊಳಗೆ ಇಟ್ಟಿದ್ದೇನೆ.

ಆಗಸ್ಟ್ 3

ಯಜಮಾನರು ಊಟಕ್ಕೆ ಹೋದಾಗ ಲ್ಯಾಬಿನ ಫೋನಿನಿಂದ ಮಾಡಿದೆ. ದನಿ ಬದಲಾಗಿಲ್ಲ. ಇಬ್ಬರೂ ಮೊದಲು ಕೆಮ್ಮಿದೆವು, ಆಮೇಲೆ ಇಬ್ಬರೂ ನಕ್ಕೆವು.

"ಅಕ್ಕಾ, ಬರ್ತೀಯಾ ಇಲ್ವಾ, ಅಷ್ಟೇ ಹೇಳು."

"ಅಮ್ಮ ಇದಾರಲ್ಲೇ."

"ಅಮ್ಮಂಗೆ ಅಣ್ಣ ಇದಾನೆ, ಅತ್ತಿಗೆ ಇದಾರೆ, ಅರವತ್ತು ಜನ ಇದಾರೆ. ನಿಂಗೆ ಯಾರಿದಾರೆ?"

ಮೂವತ್ತೊಂಬತ್ತು ವರ್ಷ. ಎರಡು ಸಲ ಮದುವೆ ಮಾತು ಬಂತು, ಎರಡೂ ಸಲ ಗಂಡು ಮಹಡಿಯವನಲ್ಲ ಎಂದು ಮುರಿಯಿತು. ಸಾಯಂಕಾಲ ಆರರ ನಂತರ ನಾನು ಈ ಊರಿನ ಎರಡು ಬೀದಿ ಬಿಟ್ಟು ಬೇರೆ ಕಡೆ ನಿಂತದ್ದೇ ಇಲ್ಲ.

"ಇಳಿಸಮ ಮುಗಿಸಿಕೊಂಡು ಬರ್ತೀನಿ" ಎಂದೆ. ನನ್ನ ಬಾಯಿಂದಲೇ ಬಂತು! ಹಗಲೂ ರಾತ್ರಿಯೂ ಸಮನಾಗಿ, ಕತ್ತಲು ಬೆಳೆಯಲು ಶುರುವಾಗುವ ಹಬ್ಬ ಇಳಿಸಮ. ಸೆಪ್ಟೆಂಬರ್ 22. ಅಮ್ಮನಿಗೆ ಆ ಹಬ್ಬದಲ್ಲಿ ನನ್ನ ಕೈ ಬೇಕು. 25ರ ಬೆಳಗಿನ ರೈಲು.

ಸಂಜೆ ಅಮ್ಮನ ಮುಖ ನೋಡಲಾಗಲಿಲ್ಲ. ಅವರು ಮಾತ್ರ ಏನೋ ಗೊತ್ತಿದ್ದವರ ಹಾಗೆ ಎರಡು ಸಲ ನನ್ನ ತಟ್ಟೆಗೆ ಬಡಿಸಿದರು.

ಆಗಸ್ಟ್ 19

ಅಣ್ಣನ ಶರ್ಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ತೂತು. ಅಮ್ಮ ಕಿಟಕಿ ಹತ್ತಿರ ನಿಂತಿದ್ದರು. ಹೊಗೆ ಅವರ ಕಣ್ಣಿಗೇ ಬಿದ್ದಿರಲಿಲ್ಲ.

"ಏನಮ್ಮಾ ಇದು?"

"ಚಿಕ್ಕೋಳು ಇನ್ನೂ ಸ್ಕೂಲಿಂದ ಬಂದಿಲ್ವಲ್ಲೇ. ನೋಡ್ತಿದ್ದೆ."

ಹನ್ನೊಂದು ವರ್ಷದ ನಂತರ ಈ ಮನೆಯಲ್ಲಿ ತಂಗಿಯ ಸುದ್ದಿ. ಹೀಗೆ.

ಅಣ್ಣನಿಗೆ ಹೇಳಿದೆ. "ವಯಸ್ಸಾಯ್ತು ಅಷ್ಟೇ. ನಂಗೂ ನಿನ್ನೆ ಅಂಗಡಿ ಕೀ ಎಲ್ಲಿಟ್ಟೆ ಅಂತ ಮರೆತೋಯ್ತು. ಸುಮ್ನೆ ಗುಲ್ಲು ಮಾಡ್ಬೇಡ. ಹಬ್ಬ ಬರ್ತಿದೆ." ಗುಲ್ಲು! ತೂತು ಬಿದ್ದ ಶರ್ಟನ್ನು ಅವನೇ ಮಡಿಸಿ, ಬೀರುವಿನ ಎಲ್ಲಕ್ಕಿಂತ ಕೆಳಗೆ ಇಟ್ಟ.

ಸೆಪ್ಟೆಂಬರ್ 8, ಸಂಜೆ 4

ಅಣ್ಣನಿಗೆ ತಿಳಿಸದೆ ಅಮ್ಮನನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಡಿಯಾರದ ಚಿತ್ರ ಬರೆಯಿರಿ ಎಂದರು. ಅಮ್ಮ ದುಂಡಗೆ ಗೀಚಿದರು, ಹನ್ನೆರಡೂ ಅಂಕಿಗಳನ್ನು ಒಂದೇ ಪಕ್ಕಕ್ಕೆ ಗುಡ್ಡೆ ಹಾಕಿದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಇದು ವಾಪಸ್ಸು ಬರುವಂಥದ್ದಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು.

ಬಸ್‌ಸ್ಟಾಪಿನ ಬೆಂಚಿನಲ್ಲಿ ಅಮ್ಮ ನನ್ನ ಮಣಿಕಟ್ಟು ಹಿಡಿದರು. ಆ ಹೊತ್ತಿಗೆ ಪೂರ್ತಿ ಅಮ್ಮನೇ.

"ಹೋಗ್ತಾ ಇದೆ ಅಂತ ನಂಗೂ ಗೊತ್ತು ಕಣೆ. ಒಂದೊಂದೇ ರೂಮಲ್ಲಿ ಲೈಟು ಆರಿಸ್ದಂಗೆ. ನುಡಿ ಇದೆ. ಅದು ಕೊನೇ ರೂಮು."

"ಈ ಸಲ ಬೇರೆ ಯಾರಾದ್ರೂ ಹೇಳ್ಲಿ ಅಂದ್ರೆ ಆಗಲ್ವಾ?"

"ಯಾರು?" ಎಂದರು. ನೆಟ್ಟ ದೃಷ್ಟಿ. ನಾನು ಬಸ್ಸು ಬರುವ ದಿಕ್ಕಿಗೆ ತಿರುಗಿದೆ.

ನುಡಿಗೆ ಎರಡು ಕಟ್ಟಳೆ. ಹಬ್ಬದಲ್ಲಿ ನುಡಿಯಮ್ಮ ನಡುವೆ ನಿಂತುಹೋದರೆ, ದೀಪ ಒಮ್ಮೆ ಎಣ್ಣೆ ಹೀರಿ ಮುಗಿಸುವ ತನಕ ಕಾಯುತ್ತಾರೆ. ಯಾರೂ ಮುಂದುವರಿಸದಿದ್ದರೆ ನುಡಿ ಅವಳ ಕೈಯಲ್ಲಿ ಸತ್ತಿತು ಎಂದು ಲೆಕ್ಕ. ಆಮೇಲೆ ಅವಳಿಗೂ ಬೆನ್ನು. ಯಾರಾದರೂ ಮುಂದುವರಿಸಿದರೆ, ಒಂದೇ ಒಂದು ಮಾತಾದರೂ ಸರಿ, ನುಡಿ ಅವರದು. ಅವರು ಅಲ್ಲಿಂದ ಮುಂದೆ ಬದುಕಿರುವ ತನಕ ದಿನಾ ಸಂಜೆ ಆರಕ್ಕೆ ಮಹಡಿಯ ದೀಪ ಹಚ್ಚಬೇಕು. ಒಂದು ರಾತ್ರಿಯೂ ಊರು ದಾಟುವಂತಿಲ್ಲ.

ಸೆಪ್ಟೆಂಬರ್ 21

ಬ್ಯಾಗು ಲ್ಯಾಬಿನ ಕಪಾಟಿನಲ್ಲಿ, ಪ್ಲಾಸ್ಟರ್ ಮೂಟೆಗಳ ಹಿಂದೆ. ಯಜಮಾನರಿಗೆ ಹೇಳಿದ್ದೇನೆ. "ಹೋಗಮ್ಮ, ಹೋಗು" ಎಂದು ಎರಡು ಸಲ ಹೇಳಿ ಮುಖ ತಿರುಗಿಸಿಕೊಂಡರು. ನಾನು ಬಳಸುತ್ತಿದ್ದ ಚಿಕ್ಕ ಚಾಕು, ಮೇಣ ಕೆತ್ತುವುದು, ಇಟ್ಟುಕೊ ಎಂದು ಕೊಟ್ಟರು.

ಮನೆಯಲ್ಲಿ ಅಮ್ಮ — "ಬೀರುನಲ್ಲಿ ನಿನ್ನ ನೀಲಿ ಸ್ವೆಟರ್ ಇಲ್ವಲ್ಲ?"

"ಒಗೆಯೋಕೆ ಹಾಕಿದೀನಿ."

"ಹೂಂ" ಎಂದರು.

ನಾಲ್ಕು ದಿನ. ಬರೀ ನಾಲ್ಕು ದಿನ.

ಸೆಪ್ಟೆಂಬರ್ 22

ಬರೆಯಲಾರೆ.

ಸೆಪ್ಟೆಂಬರ್ 23, ಬೆಳಿಗ್ಗೆ 11

ಲ್ಯಾಬಿಗೆ ಹೋಗಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಇಳಿಸಮಕ್ಕೆ ಎಲ್ಲರೂ ಮನೆಯಿಂದ ಒಂದೊಂದು ಕಲ್ಲು ತರುತ್ತೇವೆ. ನಡುವೆ ದೊಡ್ಡ ತಕ್ಕಡಿ. ಎರಡು ತಟ್ಟೆಗೂ ಕಲ್ಲು ಹಾಕುತ್ತ, ಅತ್ತಿಂದಿತ್ತ ಬದಲಿಸುತ್ತ, ಮುಳ್ಳು ನೆಟ್ಟಗೆ ನಿಲ್ಲುವ ತನಕ ಯಾರೂ ಕೂರುವಂತಿಲ್ಲ. ನಿನ್ನೆ ಒಂದು ಗಂಟೆ ಹಿಡಿಯಿತು. ಕೊನೆಗೆ ಅಣ್ಣನ ಮಗಳು ಗುಬ್ಬಿಯ ಕಡಲೆಗಾತ್ರದ ಕಲ್ಲಿನಿಂದ ಸಮ ಆಯಿತು. ಬಳೆಯೊಳಗೆ ನಿಲ್ಲುವ ವಯಸ್ಸು ಅವಳಿಗಿನ್ನೂ ಆಗಿಲ್ಲ, ಕಲ್ಲು ಕೊಟ್ಟು ಬೆಂಚಿನ ಮೇಲೆ ಕೂತಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕರು.

ಲೈಟ್ ಆರಿಸಿ ಬಳೆ ಕಟ್ಟಿ ನಿಂತೆವು. ಅಮ್ಮನ ದನಿ ಗಟ್ಟಿಯಾಗಿತ್ತು. ಹತ್ತು ಸಾಲು. ಇಪ್ಪತ್ತು. ನನ್ನ ಎದೆ ಹಗುರಾಗುತ್ತ ಬಂತು. ಇದು ಕೊನೆಯ ಸಲ, ಅಮ್ಮ ದಾಟಿದರು, ನಾನೂ ದಾಟಿದೆ ಎಂದುಕೊಂಡೆ. ಮೂವತ್ತು. "ಇದ್ದೇವೆ" ಎಂದೆವು.

ಅಮ್ಮ ಮುಂದಿನದನ್ನು ಹೇಳಲಿಲ್ಲ.

ಮೊದಲು ಉಸಿರು ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ನನ್ನ ಕೈ ಕೆಳಗೆ ಅವರ ಹೆಗಲು ಏರಲಿಲ್ಲ, ಇಳಿಯಲಿಲ್ಲ. ಯಾರೋ ಕೆಮ್ಮಿದರು. ದೀಪದಲ್ಲಿ ಎಣ್ಣೆ ಬೆರಳಿನಷ್ಟು ಇತ್ತು. ಅಷ್ಟೂ ಹೊತ್ತು ನಿಂತೆವು. ಕಾಲು ಗಂಟೆಯೋ, ಅರ್ಧ ಗಂಟೆಯೋ. ಆ ಸಾಲು ಹತ್ತು ಜನಕ್ಕಾದರೂ ಗೊತ್ತಿರುತ್ತದೆ, ನನಗೆ ಗೊತ್ತು. ಜೀವಮಾನ ಕೇಳಿದ್ದಾರೆ. ಯಾರ ತುಟಿಯೂ ಬಿಚ್ಚಲಿಲ್ಲ. ಎಲ್ಲರಿಗೂ ಊರಾಚೆ ಏನಾದರೂ ಇರುತ್ತದೆ — ಮಗಳ ಮನೆ, ಅಂಗಡಿ ಸಾಮಾನು, ಬೇಸಿಗೆಯ ನಾಲ್ಕು ದಿನ.

ಅಣ್ಣನಿಗೂ ಗೊತ್ತಿತ್ತು. ನನ್ನ ಹೆಗಲ ಮೇಲಿನ ಅವನ ಕೈ ಒತ್ತಿತು. ಸುಮ್ಮನಿರು ಎಂದೋ, ಹೇಳು ಎಂದೋ.

ಬತ್ತಿ ಚಿಟಿಚಿಟಿ ಎಂದಿತು. ಅಮ್ಮ ತಲೆಯನ್ನು ಸ್ವಲ್ಪ, ತೀರಾ ಸ್ವಲ್ಪ, ನನ್ನ ಕಡೆ ತಿರುಗಿಸಿದರು. ಕೆನ್ನೆಯ ಅಂಚು ಮಾತ್ರ ಕಂಡಿತು. ನಾಳೆಯಿಂದ ಅರವತ್ತು ಬೆನ್ನುಗಳ ನಡುವೆ ಈ ಮುದುಕಿ ಎಂದು ಅನ್ನಿಸಿತು. ಬೇಡ, ಬೇಡ ಅಂದುಕೊಳ್ಳುತ್ತಲೇ ನನ್ನ ಬಾಯಿ ತೆರೆಯಿತು. ದನಿ ನನ್ನದಲ್ಲ, ಅಮ್ಮನದರ ಹಾಗೇ ಇತ್ತು. ಮೂವತ್ತೊಂದು. "ಇದ್ದೇವೆ" ಎಂದು ಎಲ್ಲರೂ ಕೂಗಿದರು — ಅಷ್ಟು ಜೋರಾಗಿ ಎಂದೂ ಕೇಳಿಲ್ಲ, ನೀರಿನಿಂದ ಮೇಲೆದ್ದವರ ಹಾಗೆ. ಉಳಿದ ಹದಿನೆಂಟನ್ನೂ ನಾನೇ ಹೇಳಿದೆ.

ಲೈಟ್ ಹಾಕಿದ ಮೇಲೆ ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದರು. ಗುಬ್ಬಿ ಓಡಿಬಂದು, "ಅತ್ತೆ, ನೀನು ಅಜ್ಜಿ ಥರಾನೇ ಹೇಳ್ದೆ!" ಎಂದಳು.

ಸೆಪ್ಟೆಂಬರ್ 25, ಬೆಳಿಗ್ಗೆ 7.10

ರೈಲು ಈಗ ಹೊರಟಿರುತ್ತದೆ.

ಸಂಜೆ 7

ಮೂವರು ಹಿರಿಯರು ಮನೆಗೆ ಬಂದಿದ್ದರು. ಮಾತಾಡಿದ್ದು ಗಡಿಯಾರ ರಿಪೇರಿಯವರು. ಮೂವರಲ್ಲಿ ದೊಡ್ಡವರು, ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡುತ್ತಿದ್ದೆ.

"ನೋಡಮ್ಮ, ಬಲವಂತ ಅಂತ ತಿಳ್ಕೋಬೇಡ. ಕತ್ತಲ ತುದಿ ಹಬ್ಬದಲ್ಲಿ ಪ್ರತಿಜ್ಞೆ. ಅಲ್ಲೀವರೆಗೆ ಮೂರು ತಿಂಗಳಿದೆ. ಮನಸ್ಸು ಗಟ್ಟಿ ಮಾಡ್ಕೊ."

"ನಾನು ಒಲ್ಲೆ ಅಂದ್ರೆ?"

ಅವರು ಅಮ್ಮನ ರೂಮಿನ ಕಡೆ ನೋಡಿದರು. "ಅಂದ್ರೆ ನೀನು ಹೇಳಿದ್ದು ಕಳ್ಳನುಡಿ ಆಗುತ್ತೆ. ನಿಮ್ಮಮ್ಮನ ಕೈಯಲ್ಲೇ ಸತ್ತಂಗೆ. ಆಮೇಲಿಂದು ನಿಂಗೆ ಗೊತ್ತಲ್ಲ." ತುಂಬ ಮೆತ್ತಗೆ ಹೇಳಿದರು. ಕನ್ನಡಕ ಒರೆಸಿಕೊಂಡರು.

ಅಣ್ಣ ನೆಲ ನೋಡುತ್ತ ಕೂತಿದ್ದ. ಅವರು ಹೋದ ಮೇಲೆ ಕೇಳಿದೆ — "ನಿಂಗೂ ಬರ್ತಿತ್ತಲ್ವಾ ಆ ಸಾಲು?"

"ನಂಗೆ ಅಂಗಡಿ ಇದೆ. ಸಂಸಾರ ಇದೆ. ತಿಂಗಳಿಗೆ ನಾಲ್ಕು ಸಲ ಊರು ಬಿಡ್ಬೇಕು" ಎಂದ. ಆಮೇಲೆ — "ನಿಂಗೇನಿದೆ ಹೇಳು."

ತಂಗಿಯೂ ಇದೇ ಮಾತನ್ನೇ ಕೇಳಿದ್ದಳು. ಅವಳು ಕೇಳಿದಾಗ ಅದು ಬಾಗಿಲಿನ ಹಾಗಿತ್ತು.

ಅಕ್ಟೋಬರ್ 14

ಫೋನಿನಲ್ಲಿ ತಂಗಿಗೆ ಆದದ್ದೆಲ್ಲ ಹೇಳಿದೆ. ಬೈದಳು. ಬೈಸಿಕೊಂಡೆ. ಹೇಡಿ ಎಂದಳು, ಪೆದ್ದಿ ಎಂದಳು, ಸಂಜೆ ಆರರ ಕೈದಿ ಎಂದಳು.

"ಅಮ್ಮ ನಿನ್ನ ಕೇಳ್ತಾ ಇರ್ತಾರೆ" ಎಂದೆ. "ನೀನು ಬಿಟ್ಟು ಹೋಗಿದ್ದೇ ಮರೆತಿದಾರೆ. ಸ್ಕೂಲಿಗೆ ಹೋಗಿದೀಯ ಅನ್ಕೊಂಡಿದಾರೆ."

ಆ ಕಡೆಯಿಂದ ಅಳು ಕೇಳಿತು. "ನಾನು ಅಮ್ಮನ್ನ ನೋಡ್ಬೇಕು ಅಕ್ಕಾ. ನನ್ನೂ ಮರೆಯೋಕೆ ಮುಂಚೆ."

ಕಪಾಟಿನಿಂದ ಬ್ಯಾಗು ತೆಗೆದೆ. ನೀಲಿ ಸ್ವೆಟರಿನ ಮಡಿಕೆಗಳಲ್ಲೆಲ್ಲ ಬಿಳಿ ಪುಡಿ.

ನವೆಂಬರ್ 12, ಗುರುವಾರ

ಹಿರಿಯರಿಗೆ ಷರತ್ತು ಹಾಕಿದೆ. ಪ್ರತಿಜ್ಞೆ ಮಾಡುತ್ತೇನೆ. ತಂಗಿ ಮನೆಗೆ ಬರಬೇಕು, ಅಮ್ಮನ ಜೊತೆ ಒಂದು ರಾತ್ರಿ ಇರಬೇಕು, ಯಾರೂ ಬೆನ್ನು ತೋರಿಸಕೂಡದು.

ಒಂದು ವಾರ ಎಳೆದರು. ಇವತ್ತು ಒಪ್ಪಿದರು. ಮಹಡಿಯೊಳಗೆ ಬರುವಂತಿಲ್ಲ, ಮನೆಗೆ ಬರಬಹುದು, ಪ್ರತಿಜ್ಞೆಯ ಮಾರನೆಯ ದಿನ ಬರಬೇಕು, ಮೊದಲಲ್ಲ. ಗಡಿಯಾರದವರು ನನ್ನ ಬೆನ್ನು ತಟ್ಟಿದರು. "ನುಡಿಯಮ್ಮನ ಥರ ಮಾತಾಡ್ತೀಯ ಕಣಮ್ಮ, ಈಗಲೇ." ಹೊಗಳಿದರು. ಮೈ ಜುಂ ಎಂದಿತು.

ಗೆದ್ದೆನಾ? ನನ್ನ ಹತ್ತಿರ ಇದ್ದ ಒಂದೇ ಒಂದನ್ನು, 'ಒಲ್ಲೆ' ಎನ್ನುವ ಮಾತನ್ನು, ಕೊಟ್ಟು, ನಮ್ಮದೇ ಆಗಿದ್ದ ಒಂದು ರಾತ್ರಿ ತೆಗೆದುಕೊಂಡೆ.

ಡಿಸೆಂಬರ್ 21

ಮೂರು ದಿನದಿಂದ ಮಹಡಿಯ ಕಿಟಕಿಗಳಿಗೆ ಕಪ್ಪು ಬಟ್ಟೆ. ವರ್ಷದಲ್ಲಿ ದಿನದ ದೀಪವೂ ಇಲ್ಲದ ಸಂಜೆಗಳು ಇವು ಮಾತ್ರ. ಕತ್ತಲಲ್ಲೇ ಬರುವುದು, ಕತ್ತಲಲ್ಲೇ ಕೂರುವುದು. ಯಾವ ಕಾಲು ಯಾರದೆಂದು ತಿಳಿಯದೆ ತುಳಿದಾಡುತ್ತಾರೆ, ಕ್ಷಮಿಸಿ ಎನ್ನಲೂ ಮಾತಾಡುವಂತಿಲ್ಲ. ಇವತ್ತು ಮೂರನೆಯ ಸಂಜೆ ನಾನು ದೀಪ ಹಚ್ಚಿದೆ. ಕಡ್ಡಿ ಗೀರಿದಾಗ ಕಂಡದ್ದು ನೂರಿಪ್ಪತ್ತು ಕಣ್ಣು. ಎಲ್ಲವೂ ನನ್ನ ಮೇಲೆ, ಎಲ್ಲದರಲ್ಲೂ ನೀರು. ಅವರಿಗೆ ಇದು ನಿಜ. ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು.

ನಲವತ್ತೊಂಬತ್ತೂ ಹೇಳಿದೆ. ಎಡವಲಿಲ್ಲ. "ನುಡಿ ಊರು ದಾಟದು, ನಾನು ನುಡಿಯನ್ನು ದಾಟೆನು" ಎಂದು ದೀಪದ ಬುಡದ ಮೇಲೆ ಕೈ ಇಟ್ಟೆ. ಮುಗಿಯಿತು.

ಡಿಸೆಂಬರ್ 23

ತಂಗಿ ನಿನ್ನೆ ಮಧ್ಯಾಹ್ನ ಬಂದಳು. ತಲೆಯಲ್ಲಿ ಬಿಳಿ ಕೂದಲು. ಬಾಗಿಲಲ್ಲೇ ನಿಂತಳು, ಒಳಗೆ ಬಾ ಎಂದು ಯಾರಾದರೂ ಹೇಳಲಿ ಎಂದು. ಅಣ್ಣ ಅಂಗಡಿಯಿಂದ ಬರಲೇ ಇಲ್ಲ. ಅತ್ತಿಗೆ ಅಡುಗೆಮನೆಯಿಂದ ಹೊರಬರಲಿಲ್ಲ. ಆದರೆ ಇದ್ದಬದ್ದದ್ದೆಲ್ಲ ಮಾಡಿ ಬಡಿಸಿಟ್ಟರು.

ಅಮ್ಮ ತಲೆಯೆತ್ತಿದರು. "ಇಷ್ಟು ಹೊತ್ತಾ? ಕೈಕಾಲು ತೊಳ್ಕೊಂಡು ಬಾ, ಹಸಿದಿರ್ತೀಯ."

ಅಷ್ಟೇ. ಹನ್ನೊಂದು ವರ್ಷ ಅಷ್ಟರಲ್ಲೇ ಮುಗಿಯಿತು. ತಂಗಿ ಕೈಕಾಲು ತೊಳೆಯಲು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಬಂದು ಅಮ್ಮನ ಪಕ್ಕ ಕೂತಳು. ಅಮ್ಮ ಅವಳ ಜಡೆ ಬಿಚ್ಚಿ ಬಾಚಿದರು, ಅರ್ಧಕ್ಕೆ ಮರೆತರು, ಮತ್ತೆ ಬಾಚಿದರು. ಆರಾಗುತ್ತ ಬಂತು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

"ಇವತ್ತೂನಾ?" ಎಂದಳು ತಂಗಿ.

"ದಿನಾ."

ಇವತ್ತು ಬೆಳಿಗ್ಗೆ ಸ್ಟೇಷನ್ನಿಗೆ ಅವಳ ಬ್ಯಾಗು ಹೊತ್ತುಕೊಂಡು ಹೋದೆ. ರೈಲು ಎಂಟು ನಿಮಿಷ ನಿಲ್ಲುತ್ತದೆ. ಅವಳು ಹತ್ತಿ ಬಾಗಿಲಲ್ಲೇ ನಿಂತು ಕೈ ಚಾಚಿದಳು. "ಹತ್ತು. ಚಪ್ಪಲಿ ಸಾಕು. ಏನೂ ಬೇಡ. ಹತ್ತೇ ಅಕ್ಕಾ."

ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ನಿಜ, ಇಟ್ಟೆ. ಕಬ್ಬಿಣದ ನಡುಕ ಹಿಮ್ಮಡಿಗೆ ಬಂತು. ಹಿಂದೆ ತಿರುಗಿದೆ — ಯಾರೂ ಇರಲಿಲ್ಲ. ಕಾವಲು ಇಲ್ಲ, ಅಣ್ಣ ಇಲ್ಲ. ತಡೆಯಲು ಯಾರಾದರೂ ಇದ್ದಿದ್ದರೆ ಬಹುಶಃ ಹತ್ತಿಬಿಡುತ್ತಿದ್ದೆ. ಅಮ್ಮ ಈಗ ಎದ್ದಿರುತ್ತಾರೆ, ಹಲ್ಲುಜ್ಜುವ ಬ್ರಷ್ಷು ಹಿಡಿದು ಇದೇನು ಎಂದು ನೋಡುತ್ತಿರುತ್ತಾರೆ ಎಂದುಕೊಂಡೆ. ಕಾಲು ತೆಗೆದೆ.

ತಂಗಿ ಬೈಯಲಿಲ್ಲ. ರೈಲು ತಿರುವು ದಾಟುವವರೆಗೂ ನನ್ನ ಕಡೆ ಮುಖ ಮಾಡಿಯೇ ನಿಂತಿದ್ದಳು.

ಜನವರಿ 31, ಭಾನುವಾರ, ಮಧ್ಯಾಹ್ನ

ಐದು ವಾರ ಬರೆದಿಲ್ಲ. ಬರೆಯಲು ಏನೂ ಆಗಿರಲಿಲ್ಲ. ಹಲ್ಲು, ದೀಪ, ಹಲ್ಲು, ದೀಪ.

ಇವತ್ತು ಬಿಸಿಲಲ್ಲಿ ಕೂತು ಅಮ್ಮನ ಉಗುರು ಕತ್ತರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಸ್ಪಷ್ಟ ದನಿ.

"ನನ್ನಮ್ಮ ಮರೆತಿರ್ಲಿಲ್ಲ ಕಣೆ."

"ಏನು ಮರೆತಿರ್ಲಿಲ್ಲ?"

"ನಂಗೆ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಬೇರೆ ಊರಲ್ಲಿ. ಯಾರ್ಗೂ ಹೇಳಿರ್ಲಿಲ್ಲ ನಾನು. ಹಬ್ಬದ ದಿನ ನಮ್ಮಮ್ಮ ನಡುವೆ ನಿಂತ್ಬಿಟ್ಳು. ದೀಪ ಆರೋ ಹೊತ್ತು. ಅವಳಿಗೆ ಎಲ್ರೂ ಬೆನ್ನು ತೋರಿಸ್ತಾರೆ ಅನ್ನಿಸ್ತು. ಹೇಳ್ಬಿಟ್ಟೆ." ಕತ್ತರಿಸಿದ ಉಗುರನ್ನು ಮಡಿಲಿಂದ ಕೊಡವಿ — "ಸಾಯೋಕೆ ಮುಂಚೆ ಹೇಳಿದ್ಲು. ನಂಗೆ ಜ್ಞಾಪಕ ಇತ್ತು ಮಗಳೇ, ನೀನು ಬಾಯಿ ಬಿಡ್ತೀಯೋ ಇಲ್ವೋ ನೋಡ್ದೆ, ಅಂತ."

ಕತ್ತರಿ ಕೈಯಲ್ಲೇ ನಿಂತಿತು.

"ಅಮ್ಮಾ. ನೀನು? ನೀನು ಮರೆತದ್ದಾ, ನಿಲ್ಲಿಸಿದ್ದಾ?"

ಅಮ್ಮ ನನ್ನ ಮುಖವನ್ನು ಬಹಳ ಹೊತ್ತು, ಬಹಳ ಪ್ರೀತಿಯಿಂದ ನೋಡಿದರು. "ಎಷ್ಟು ಚೆನ್ನಾಗಿ ಕತ್ತರಿಸ್ತೀಯಮ್ಮ, ಒಂಚೂರೂ ನೋವಾಗ್ಲಿಲ್ಲ. ಯಾರ ಮನೆಯವಳು ನೀನು?"

ಉಳಿದ ಮೂರು ಬೆರಳಿನ ಉಗುರನ್ನೂ ಕತ್ತರಿಸಿ ಮುಗಿಸಿದೆ.

ಮಾರ್ಚ್ 20, ರಾತ್ರಿ ಊಟಕ್ಕೆ ಮೊದಲು

ಏರುಸಮ. ಕಿಟಕಿಗಳನ್ನೆಲ್ಲ ತೆರೆಯುವ ಹಬ್ಬ. ಬಳೆಯಲ್ಲಿ ಎಲ್ಲರೂ ಜಾಗ ಬದಲಿಸುತ್ತಾರೆ, ಒಂಬತ್ತು ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತಾರೆ. ಈ ಸಲ ಗುಬ್ಬಿ. ನನ್ನ ಎದುರಿಗೇ ಬಂದು ನಿಂತಳು, ಅವಳ ಹಿಂದೆ ಅಣ್ಣ. ಹೊಸ ಬಟ್ಟೆ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ.

ಮೂವತ್ತು ಮುಗಿಯಿತು. "ಇದ್ದೇವೆ." ಗಂಟಲು ಒಣಗಿತ್ತು. ಉಗುಳು ನುಂಗಿದೆ. ಒಂದು ಕ್ಷಣ, ಅಷ್ಟೇ.

ಆ ಒಂದು ಕ್ಷಣದಲ್ಲಿ ಕಂಡದ್ದು — ಗುಬ್ಬಿಯ ತುಟಿ ಅಲ್ಲಾಡುತ್ತಿತ್ತು. ಮೂವತ್ತೊಂದನೆಯ ಸಾಲು. ಅಕ್ಷರ ಅಕ್ಷರ ಸರಿಯಾಗಿ. ಕಣ್ಣು ನನ್ನ ಮೇಲೆ. ಗಾಬರಿ. ಅತ್ತೆ ಮರೆತಳು ಎಂದು. ಅಣ್ಣ ಬಗ್ಗಿ ಅವಳ ಮುಖ ನೋಡಿದ, ಆಮೇಲೆ ನನ್ನನ್ನು.

ಓಡೋಡಿ ಹೇಳಿ ಮುಗಿಸಿದೆ.

ಮನೆಗೆ ಬರುವಾಗ ಅಣ್ಣ ಸಡಗರದಲ್ಲಿದ್ದ. "ನೋಡಿದ್ಯಾ ನಮ್ಮ ಗುಬ್ಬೀನ? ಯಾರೂ ಕಲಿಸಿಲ್ಲ. ತಾನೇ ಕಲ್ತಿದಾಳೆ!"

ಮಾರ್ಚ್ 21, ಭಾನುವಾರ, ಬೆಳಿಗ್ಗೆ 10.30

ಹನ್ನೊಂದಕ್ಕೆ ಗುಬ್ಬಿಯನ್ನು ಬರಹೇಳಿದ್ದೇನೆ, ಒಬ್ಬಳೇ ಬಾ ಎಂದು. ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ, ಇಲ್ಲದಿದ್ದರೆ ಅವಳ ಮುಖ ನೋಡಿದಾಗ ನಾಲಿಗೆ ತಿರುಗಿಬಿಡುತ್ತದೆ.

ನೋಡು ಮರಿ. ಮುಂದೆ ಒಂದು ದಿನ ಅತ್ತೆ ನಡುವೆ ನಿಂತುಬಿಡುತ್ತಾಳೆ. ಮರೆತು ನಿಂತಳೋ, ಬೇಕೆಂದೇ ನಿಂತಳೋ ಯಾರಿಗೂ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಬಹುಶಃ ನನಗೂ ಗೊತ್ತಿರುವುದಿಲ್ಲ. ಎಲ್ಲರೂ ಸುಮ್ಮನಿರುತ್ತಾರೆ. ಎಣ್ಣೆ ಮುಗಿಯುತ್ತ ಬರುತ್ತದೆ. ನಿಮ್ಮಪ್ಪನ ಕೈ ನಿನ್ನ ಹೆಗಲ ಮೇಲಿರುತ್ತದೆ. ನಿನಗೆ ನನ್ನ ಮೇಲೆ ಅಯ್ಯೋ ಅನ್ನಿಸುತ್ತದೆ. ಅನ್ನಿಸಲಿ. ನಾನು ತಿರುಗಿ ನಿನ್ನನ್ನೇ ನೋಡಿದರೂ ಸರಿ, ಅತ್ತರೂ ಸರಿ, ಎಷ್ಟು ಹೊತ್ತಾದರೂ ಸರಿ, ನೀನು ಮಾತ್ರ ಬಾಯಿ —